ಜೋಗದ ಮಂಜೂ ಕ್ಯಾಮೆರಾದ ಪ್ಲೇಟೂ

ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 253 ಮೀಟರು ಕೆಳಕ್ಕೆ ಧುಮುಕುವ ಜೋಗವನ್ನು ಮಳೆಗಾಲದಲ್ಲಿ ಕಂಡವರು ಬಲ್ಲರು: ಕಣಿವೆಯಿಂದೇಳುವ ಮಂಜು ನೋಟವನ್ನೆಲ್ಲ ಮರೆಮಾಡಿ, ಕೆಲವೇ ನಿಮಿಷ ತೆರೆದು, ಮತ್ತೆ ಮುಚ್ಚುವುದು. ಮನೆಯ ವೃದ್ಧರು ಇನ್ನೊಮ್ಮೆ ಅಷ್ಟು ದೂರ ಬಂದಾರೆಂಬ ಭರವಸೆಯಿಲ್ಲ. ಪಟ ತೆಗೆಯುವವರೂ ಸೇರಿ ಎಲ್ಲರೂ ಅವರೊಡನೆ ಒಂದೇ ಪಟದಲ್ಲಿರಬೇಕೆಂಬುದು ನಮ್ಮ ಆಸೆ. ಅದಕ್ಕೆ ಟ್ರೈಪಾಡು ಬೇಕು. ಮಂಜು ಸರಿದೊಡನೆ ಕ್ಯಾಮೆರಾವನ್ನು ಅದರ ಮೇಲೆ ಕೂಡಿಸಲು ಕ್ವಿಕ್ ರಿಲೀಸ್ ಪ್ಲೇಟು ಬೇಕು.

ಸಣ್ಣ ಕ್ಯಾಮೆರಾಕ್ಕೆ ಸಣ್ಣ ಪ್ಲೇಟೇ ಲೇಸು. ತಿರುಪಿನ ರಂಧ್ರದ ಬಳಿಯಲ್ಲಿಯೇ ಬಹುಮಟ್ಟಿಗೆ ಬ್ಯಾಟರಿಯ ಮುಚ್ಚಳವಿರುವುದರಿಂದ, ಅಗಲವಾದ ಪ್ಲೇಟು ಅದನ್ನು ತೆರೆಯಗೊಡದು. ಪ್ಲೇಟು ಬಿಚ್ಚಿ ಬ್ಯಾಟರಿ ಬದಲಿಸುವಷ್ಟರಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ! ತಿರುಪು ಸಾಮಾನ್ಯವಾಗಿ ಕಾಲು ಅಂಗುಲದ್ದೇ. ಪ್ಲೇಟಿನ ಅಂಚು ಮಾತ್ರ ಮಾದರಿಯಿಂದ ಮಾದರಿಗೆ ಬೇರೆ. ಆದುದರಿಂದ ಟ್ರೈಪಾಡನ್ನೂ ಕ್ಯಾಮೆರಾವನ್ನೂ ಅಂಗಡಿಗೆ ಒಯ್ದು, ಹೊಂದಿಸಿ ನೋಡಿಯೇ ಕೊಳ್ಳತಕ್ಕದ್ದು. ಮೇಲ್ಭಾಗದಲ್ಲಿ ರಬ್ಬರಿದ್ದರೆ ಕ್ಯಾಮೆರಾ ಸುಲಭವಾಗಿ ಜಾರದು. ತಿರುಪಿಗೆ ಬಳೆಯಿದ್ದರೆ ಬೆರಳಿನಿಂದಲೇ ಬಿಗಿಯಬಹುದು. ಕೂಡಿಸಿದ ಮೇಲೆ ಒಮ್ಮೆ ಮೆಲ್ಲನೆ ಎತ್ತಿ ನೋಡಿ, ಭದ್ರವೆಂದು ತಿಳಿದೇ ಕೈಬಿಡಬೇಕು. ಇದನ್ನೆಲ್ಲ ಮನೆಯಂಗಳದಲ್ಲಿಯೇ ಎರಡು ಸಲ ರೂಢಿಸಿಕೊಂಡು ಹೊರಡುವುದು ನಮ್ಮ ಪದ್ಧತಿ.