ಕೆಜಿ ಲೆಕ್ಕಕ್ಕೆ ಕೊಡೂದಿಲ್ಲ

ಹಳೇ ಕಬ್ಬಿಣಕ್ಕೆ ಎರಡು ರೇಟು ಇರುತ್ತದೆ. ಒಂದು ಗುಜರಿಯವನ ರೇಟು. ಅದಕ್ಕೆ ತಕ್ಕಡಿ ಸಾಕು. ಇನ್ನೊಂದು, ಆ ಕಬ್ಬಿಣ ಯಾವ ಕೆಲಸಕ್ಕೆ ಬರುತ್ತದೆ ಅಂತ ಗೊತ್ತಿದ್ದವರ ರೇಟು. ಅದಕ್ಕೆ ಊರು ಗೊತ್ತಿರಬೇಕು, ಮಣ್ಣು ಗೊತ್ತಿರಬೇಕು, ಯಾರ ಮನೆಯಲ್ಲಿ ಏನು ಕೆಟ್ಟು ನಿಂತಿದೆ ಅನ್ನೋದೂ ಗೊತ್ತಿರಬೇಕು.

ಬೆಂಗಳೂರಿನಲ್ಲಿ ನನ್ನ ಕೆಲಸದ ಹೆಸರು ಪ್ರೈಸಿಂಗ್ ಅನಲಿಸ್ಟ್. ಆನ್‌ಲೈನಲ್ಲಿ ನೀವು ಒಂದು ಮಿಕ್ಸರ್ ನೋಡಿ, ನಾಳೆ ತಗೊಂಡರಾಯ್ತು ಅಂತ ಬಿಟ್ಟು, ಮಾರನೇ ದಿನ ಬಂದಾಗ ರೇಟು ಇನ್ನೂರು ರೂಪಾಯಿ ಏರಿರುತ್ತದಲ್ಲ, ಅಂಥ ಲೆಕ್ಕ ಮಾಡುವವರಲ್ಲಿ ನಾನೂ ಒಬ್ಬ. ಬೈಯಬೇಡಿ, ಹೊಟ್ಟೆಪಾಡು. ಈ ಕೆಲಸದ ಬಗ್ಗೆ ಅಂಕೋಲೆಯ ದೊಡ್ಡಮ್ಮನಿಗೆ ಅರ್ಥವಾಗಿದ್ದು ಇಷ್ಟೇ: ಹುಡುಗ ರೇಟು ಹೇಳ್ತಾನೆ. ಏಪ್ರಿಲ್‌ನಲ್ಲಿ ಒಂದು ದಿನ ಫೋನು ಬಂತು.

"ತಮಾ, ನೀ ರೇಟು ಮಾಡೂ ಕೆಲಸ್ದಲ್ಲೇ ಇದ್ಯಲ್ಲಾ? ಕೊಟ್ಟಿಗೆಲಿರೂ ಟಿಲ್ಲರ್ ಸಾಮಾನಿಗೆ ಒಂದು ರೇಟು ಮಾಡಿಕೊಡು. ಮಳೆ ಬರೂದ್ರೊಳಗೆ ಕೊಟ್ಟಿಗೆ ಖಾಲಿ ಆಗ್ಬೇಕು."

ವಿಷಯ ಸಣ್ಣದಾಗಿರಲಿಲ್ಲ. ದೊಡ್ಡಪ್ಪನ ಮೊಣಕಾಲು ಎರಡು ವರ್ಷದಿಂದ ಮಡಚುತ್ತಿಲ್ಲ. ಮಗ ಪುಣೆಯಲ್ಲಿದ್ದಾನೆ. ಕೊಟ್ಟಿಗೆಯಲ್ಲಿ ದನ ಇಲ್ಲ. ಅದನ್ನು ಸರಿಮಾಡಿ ಎರಡು ಕೋಣೆ ಮಾಡಿದರೆ ತಿಂಗಳಿಗೆ ಒಂದಿಷ್ಟು ಬಾಡಿಗೆ ಬರುತ್ತದೆ ಅಂತ ದೊಡ್ಡಮ್ಮನ ಲೆಕ್ಕ. ಟಿಲ್ಲರನ್ನು ಹಿಂದೆಯೇ ಯಾರೋ ಒಯ್ದಿದ್ದರು. ಅವರಿಗೆ ಬೇಕಾಗಿದ್ದದ್ದು ಪಂಪಿಗೆ ಕೂರಿಸಲು ಇಂಜಿನ್ ಮಾತ್ರ. ಅದರ ಹಿಂದೆ ಮುಂದೆ ಜೋಡಿಸುವ ಸಾಮಾನೆಲ್ಲ ಇಲ್ಲೇ ಉಳಿದಿತ್ತು. ಗುಜರಿಯವನು ಬಂದು ಕಣ್ಣಳತೆಯಲ್ಲೇ ಕೆಜಿಗೆ 28 ರೂಪಾಯಿ ಅಂದಿದ್ದ. ದೊಡ್ಡಮ್ಮ ಹೂಂ ಅನ್ನುವಷ್ಟರಲ್ಲಿ ದೊಡ್ಡಪ್ಪ ಖುರ್ಚಿಯಿಂದಲೇ "ಕೆಜಿ ಲೆಕ್ಕಕ್ಕೆ ಕೊಡೂದಿಲ್ಲ" ಅಂದನಂತೆ. ಮತ್ತೆ ಯಾವ ಲೆಕ್ಕಕ್ಕೆ ಕೊಡ್ತೆ ಅಂತ ಕೇಳಿದರೆ ಉತ್ತರ ಇಲ್ಲ.

ಟಿಲ್ಲರ್ ಅಂದರೆ ಏನು ಅಂತ ಸಿಟಿಯಲ್ಲೇ ಬೆಳೆದವರಿಗೆ ಹೇಳಿಬಿಡುತ್ತೇನೆ. ಎರಡೇ ಗಾಲಿಯ ಸಣ್ಣ ಟ್ರ್ಯಾಕ್ಟರ್. ಮುಂದೆ ಒಂದು ಸಿಲಿಂಡರಿನ ಡೀಸೆಲ್ ಇಂಜಿನ್, ಹಿಂದೆ ಉದ್ದ ಹ್ಯಾಂಡಲ್. ಗದ್ದೆಯಲ್ಲಾದರೆ ಅದರ ಹಿಂದೆ ನಡೆಯಬೇಕು, ರಸ್ತೆಯಲ್ಲಾದರೆ ಟ್ರೇಲರ್ ಕಟ್ಟಿ ಕೂರಬಹುದು. ಕರಾವಳಿಯ ತುಂಡು ತುಂಡು ಗದ್ದೆಗಳಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಿಸಲು ಜಾಗವೇ ಇರುವುದಿಲ್ಲ. ಹಾಗಾಗಿ ಇಲ್ಲಿ ಎತ್ತಿನ ಜಾಗಕ್ಕೆ ಬಂದದ್ದು ಟಿಲ್ಲರ್.

ದೊಡ್ಡಪ್ಪನದು ಮಿತ್ಸುಬಿಷಿ. ಊರವರು ಕರೆಯುವುದು ಹಾಗೆ. ತಯಾರಿಸಿದ್ದು ಬೆಂಗಳೂರಿನ ವಿಎಸ್‌ಟಿ. ಜಪಾನಿನ ಮಿತ್ಸುಬಿಷಿ ಜೊತೆ ಸೇರಿ 1967ರಲ್ಲಿ ಶುರುವಾದ ಕಂಪನಿ, ವಿಳಾಸ ವೈಟ್‌ಫೀಲ್ಡ್ ರಸ್ತೆ, ಮಹದೇವಪುರ. ಅಂದರೆ ನಾನು ದಿನಾ ಟ್ರಾಫಿಕ್ಕಿನಲ್ಲಿ ಕೂತು ಶಪಿಸುವ ರಸ್ತೆ! ಕರಾವಳಿಯಲ್ಲಿ ಕಾಣುವ ಇನ್ನೊಂದು ಟಿಲ್ಲರ್ ಕಾಮ್ಕೊ. ಕೇರಳ ಸರ್ಕಾರದ ಕಂಪನಿ, 1973ರಲ್ಲಿ ಆರಂಭವಾದದ್ದು, ತಂತ್ರಜ್ಞಾನ ಕುಬೋಟಾದ್ದು. ಎರಡರ ಸಾಮಾನೂ ಕಣ್ಣಿಗೆ ಒಂದೇ ತರ ಕಾಣುತ್ತವೆ. ಆದರೆ ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ ಅಂತ ಹೇಳುವಂತಿಲ್ಲ. ರೇಟಿನ ಜಗಳ ಶುರುವಾಗುವುದೇ ಇಲ್ಲಿಂದ.

ಹತ್ತು ದಿನ ರಜೆ ಹಾಕಿ ಹೋದೆ. ಕೊಟ್ಟಿಗೆಯಿಂದ ಒಂದೊಂದೇ ಹೊರಗೆಳೆದು ತೊಳೆದು ತೂಗಿದೆವು. ಟ್ರೇಲರ್ 220 ಕೆಜಿ, ರೋಟರಿ 90, ಕೆಸರಿಗೆ ಹಾಕುವ ಕಬ್ಬಿಣದ ಗಾಲಿ ಜೋಡಿ 46, ನೇಗಿಲು 30, ಗದ್ದೆ ಸಮ ಮಾಡುವ ಹಲಗೆ 24. ಒಟ್ಟು 410 ಕೆಜಿ. ಗುಜರಿ ಲೆಕ್ಕದಲ್ಲಿ 11,480 ರೂಪಾಯಿ. ಇದು ತಳ. ಇದಕ್ಕಿಂತ ಮೇಲೆ ಎಷ್ಟು ಅನ್ನೋದು ಪ್ರಶ್ನೆ.

ದೊಡ್ಡಪ್ಪ ಖುರ್ಚಿಯಲ್ಲಿ ಕೂತು ಪಾಠ ಮಾಡಿದ. ಮೊದಲ ಪಾಠ: ಬಣ್ಣ ನಂಬಬೇಡ. ಯಾರು ಬೇಕಾದರೂ ಬಣ್ಣ ಹೊಡೆಯಬಹುದು. ಸುತ್ತಿಗೆ ತಗೊಂಡು ತಟ್ಟು. ನಮ್ಮಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಕಬ್ಬಿಣ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಪದರ ಪದರ ಎದ್ದಿರುತ್ತದೆ. ಟಣ್ ಅಂದರೆ ಜೀವ ಇದೆ. ಟಪ್ ಅಂದರೆ ಗುಜರಿ.

ಎರಡನೆಯದು ರೋಟರಿ. ಮಣ್ಣನ್ನು ತಿರುಗಿಸಿ ಪುಡಿ ಮಾಡುವ ಬ್ಲೇಡುಗಳ ಸಾಲು. ಇದರ ಮೂಲ ಆಸ್ಟ್ರೇಲಿಯಾದ್ದು. ಆರ್ಥರ್ ಕ್ಲಿಫರ್ಡ್ ಹೋವರ್ಡ್ ಅನ್ನುವ ರೈತನ ಮಗ 1912ರಲ್ಲಿ ನ್ಯೂ ಸೌತ್ ವೇಲ್ಸ್‌ನ ಗಿಲ್ಗಾಂಡ್ರದಲ್ಲಿ ಈ ಪ್ರಯೋಗ ಶುರು ಮಾಡಿದ. ನಾವು ಸಲೀಸಾಗಿ ಹೇಳುವ ರೋಟವೇಟರ್ ಅನ್ನೋದು ಅವನ ಕಂಪನಿಯ ಬ್ರ್ಯಾಂಡ್ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಿಂದಿನಿಂದ ಓದಿದರೂ ಅದೇ ಪದ ಬರುತ್ತದೆ. ದೊಡ್ಡಪ್ಪನಿಗೆ ಇದನ್ನು ಹೇಳಿದರೆ "ಬ್ಲೇಡು ಹಾಂಗಲ್ಲ ಮಾರಾಯಾ" ಅಂದ. "ಎಡದ್ದು ಬೇರೆ, ಬಲದ್ದು ಬೇರೆ. ತಿರುಗಿಸಿ ಹಾಕೂಕೆ ಬರೂದಿಲ್ಲ." ಬ್ಲೇಡು ಸವೆದಿದ್ದರೆ ಚಿಂತೆ ಇಲ್ಲ, ಹೊಸದು ಸಿಗುತ್ತದೆ. ನೋಡಬೇಕಾದ್ದು ಒಳಗಿನ ಎಣ್ಣೆ. ಬೋಲ್ಟು ಬಿಚ್ಚಿ ಒಂದು ಚಮಚ ಹೊರಗೆ ತೆಗೆ. ಕಪ್ಪಗಿದ್ದರೆ ಅಡ್ಡಿಲ್ಲ. ಹಾಲು ಹಾಕಿದ ಚಹಾದ ಹಾಗೆ ಕಂಡರೆ ಸೀಲು ಹೋಗಿ ನೀರು ಒಳಗೆ ಇಳಿದಿದೆ ಅಂತ ಅರ್ಥ. ನಮ್ಮದು ಚಹಾ.

ಮೂರನೆಯದು ಕಬ್ಬಿಣದ ಗಾಲಿ. ಕೆಸರುಗದ್ದೆಯಲ್ಲಿ ರಬ್ಬರ್ ಟಯರು ಜಾರುತ್ತದೆ, ಇಲ್ಲಾ ಹೂತುಹೋಗುತ್ತದೆ. ಆಗ ಈ ಪಂಜರದ ಹಾಗಿನ ಗಾಲಿ ಬೇಕು. ನಡೆಯುತ್ತಾ ನಡೆಯುತ್ತಾ ಕೆಸರನ್ನೂ ಕಲಸುತ್ತದೆ. ಅಂಗಡಿಯವರು ಕೇಜ್ ವೀಲ್ ಅನ್ನುತ್ತಾರೆ. ಇದರ ರೇಟು ನಿಂತಿರುವುದು ಗಾಲಿಯ ಸೈಜಿನ ಮೇಲೆ ಅಲ್ಲವೇ ಅಲ್ಲ, ನಡುವಿನ ಹಬ್ಬಿನ ಮೇಲೆ. ತೂತಿನ ಆಕಾರ, ಅಳತೆ, ಪಿನ್ನು ಕೂರುವ ಜಾಗ. ಅದು ಸರಿ ಇದ್ದರೆ ಇದು ಗಾಲಿ, ಇಲ್ಲದಿದ್ದರೆ 46 ಕೆಜಿ ಸರಳು.

ನಾಲ್ಕನೆಯದು ನನಗೆ ತುಂಬಾ ಹಿಡಿಸಿದ ಪಾಠ. ಅಮೆರಿಕದಲ್ಲಿ ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗಳ ಸಾಮಾನು ಸಂಗ್ರಹಿಸುವ ಹವ್ಯಾಸಿಗಳು ಇದ್ದಾರೆ. ಜಾನ್ ಡೀರ್ ಕಂಪನಿ 1963ರಲ್ಲಿ ತಂದ 110 ಅನ್ನುವ ಮಾಡೆಲ್ಲಿನ ಸಾಮಾನು ಅಂದರೆ ಅವರಿಗೆ ಪ್ರೀತಿ. ಅಲ್ಲಿ ಕಂಪನಿಯ ಮೂಲ ಬಣ್ಣ, ನಂಬರಿನ ತಗಡು, ವೆಲ್ಡಿಂಗ್ ತಾಗದ ಮೈ, ಇವಿದ್ದರೆ ರೇಟು ಜಾಸ್ತಿ. ನಮ್ಮಲ್ಲಿ ಉಲ್ಟಾ. ದೊಡ್ಡಪ್ಪನ ಗಾಲಿಗೆ ಮೂರು ಕಡೆ ದಪ್ಪ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿಸಿದ್ದ. ನಾನು ಅದನ್ನು ಎಕ್ಸೆಲ್ ಶೀಟಿನಲ್ಲಿ 'ರಿಪೇರಿ ಆಗಿದೆ, ಮೈನಸ್' ಅಂತ ಬರೆಯುತ್ತಿದ್ದೆ. ದೊಡ್ಡಪ್ಪ ಇಣುಕಿ ನೋಡಿ, "ಅದು ಪ್ಲಸ್ ಬರಿ. ಮುರಿಯೂ ಜಾಗ ಯಾವ್ದು ಅಂತ ಆ ಗಾಲಿಗೆ ಗೊತ್ತಾಗಿದೆ" ಅಂದ. ಶೋಕೇಸಿಗೆ ಕೊಳ್ಳುವವನಿಗೆ ಮೂಲ ರೂಪ ಬೇಕು. ಜೂನಿನಲ್ಲಿ ಗದ್ದೆಗೆ ಇಳಿಯುವವನಿಗೆ ಗಟ್ಟಿ ರೂಪ ಬೇಕು.

ರೇಟು ವಿಚಾರಿಸಲು ರವಿವಾರ ಕಾರವಾರಕ್ಕೆ ಹೋದೆ. ಸಂತೆ ದಿನ, ಸುತ್ತಲ ಊರವರೆಲ್ಲ ಸಿಗುತ್ತಾರೆ ಅಂತ. ಅಂಕೋಲೆಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ದಾರಿಯಲ್ಲಿ ಅರ್ಗಾದ ಹತ್ತಿರ ನೌಕಾನೆಲೆಯ ಗೋಡೆ ಜೊತೆಗೇ ಬರುತ್ತದೆ. ಸೀಬರ್ಡ್ ಯೋಜನೆಗೆ ಇಲ್ಲಿಯ ಸಾಲು ಹಳ್ಳಿಗಳು ಹೋದವು. 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಕಾರವಾರದಲ್ಲಿ ನಾನು ಹುಡುಕಿಕೊಂಡು ಹೋದ ವೆಲ್ಡಿಂಗಿನವರ ಮನೆತನವೂ ಹಾಗೆ ಎದ್ದು ಬಂದದ್ದೇ. ಅಂಗಡಿಯ ಗೋಡೆಗೆ ಒಂದು ನೇಗಿಲು ನೇತುಹಾಕಿದ್ದರು, ಅಪ್ಪನ ಕಾಲದ್ದು. ಕಸುಬಿನ ಚಟ ನೋಡಿ, ಅದಕ್ಕೆಷ್ಟು ಅಂತ ಕೇಳಿದೆ. "ಅದಕ್ಕೆ ರೇಟಿಲ್ಲ. ಗದ್ದೆ ಇದ್ದರೆ ತಾನೇ ನೇಗಿಲಿಗೆ ರೇಟು?" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ವೆಲ್ಡಿಂಗ್ ಕಡ್ಡಿಯ ರೇಟು ಹೇಳುವ ದನಿಯಲ್ಲೇ ಹೇಳಿದರು.

ದೊಡ್ಡಪ್ಪ ಯಾಕೆ ಉತ್ತರ ಕೊಡದೆ ಕೂತಿದ್ದ ಅನ್ನೋದು ನನಗೆ ಅಲ್ಲಿ ಅರ್ಥವಾಯಿತು. ನಮ್ಮ ಗದ್ದೆಯನ್ನು ಯಾರೂ ಒಯ್ದಿಲ್ಲ. 30 ಗುಂಟೆ, ಮನೆಯ ಕೆಳಗೇ ಇದೆ. ಎರಡು ವರ್ಷ ಬೀಳು ಬಿದ್ದಿದೆ ಅಷ್ಟೇ. ಸಾಮಾನು ಕೆಜಿ ಲೆಕ್ಕಕ್ಕೆ ಹೋದರೆ, ಇನ್ನು ಈ ಗದ್ದೆ ಮಾಡುವವರಿಲ್ಲ ಅಂತ ಬರೆದುಕೊಟ್ಟ ಹಾಗೆ.

ವೆಲ್ಡಿಂಗಿನವರು ರೇಟಿನ ಒಳಗುಟ್ಟೂ ಹೇಳಿದರು. ಸಬ್ಸಿಡಿಯಲ್ಲಿ ಹೊಸ ಟಿಲ್ಲರ್ ಸಿಗುವಾಗ ಹಳೇ ಸಾಮಾನಿಗೆ ಹೊಸದರ ಅರ್ಧ ರೇಟು ಕೇಳಿದರೂ ಜನ ನಗುತ್ತಾರೆ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೂ ಯಂತ್ರ ಸಿಗುತ್ತದೆ. ಆದರೆ ಮಳೆ ಹಿಡಿದ ವಾರ ಎಲ್ಲರಿಗೂ ಒಟ್ಟಿಗೇ ಬೇಕು, ಆಗ ಸರದಿ. ಆ ವಾರ ಕೈಯಲ್ಲಿ ಸ್ವಂತ ಗಾಲಿ ಇದ್ದವನೇ ರಾಜ. "ಡಿಸೆಂಬರಿನಲ್ಲಿ ಮಾರಬೇಡಿ, ಮೇ ಕೊನೆಗೆ ಮಾರಿ." ನನ್ನ ಆಫೀಸಿನಲ್ಲಿ ಇದನ್ನೇ ಹೇಳಲು ನಲವತ್ತು ಸ್ಲೈಡು ಬೇಕಾಗುತ್ತದೆ.

ಕೊನೆಗೆ ಆದದ್ದು ಹೀಗೆ. ಟ್ರೇಲರ್ ಸುಲಭ. ಅದಕ್ಕೆ ಗದ್ದೆಯ ಹಂಗಿಲ್ಲ, ಚಿರೆಕಲ್ಲು, ತೆಂಗಿನಕಾಯಿ ಏನು ಬೇಕಾದರೂ ಹೊರುತ್ತದೆ. ಟಯರು ಜೀಪಿನ 6.00-16, ಎಲ್ಲೆಡೆ ಸಿಗುವಂಥದ್ದು. ಅವರ್ಸಾದವರೊಬ್ಬರು 12,500ಕ್ಕೆ ಒಯ್ದರು. ರೋಟರಿಯನ್ನು ನೀರು ಇಳಿದಿದೆ ಅಂತ ಹೇಳಿಯೇ ಕಾರವಾರದ ವೆಲ್ಡಿಂಗಿನವರಿಗೆ ಬಿಡಿಭಾಗದ ಲೆಕ್ಕದಲ್ಲಿ 5,500ಕ್ಕೆ ಕೊಟ್ಟೆವು. ನೇಗಿಲು ಟಪ್ ಅಂದಿತ್ತು. ಅದು ಗುಜರಿಗೆ, 840 ರೂಪಾಯಿ. ಕೈಗೆ ಬಂದದ್ದು 18,840. ಗಾಲಿ ಜೋಡಿ, ಹಲಗೆ ಇನ್ನೂ ಬಾಕಿ.

ಗಾಲಿಗೆ ಕುಮಟೆಯಿಂದ 3,500ಕ್ಕೆ ಗಿರಾಕಿ ಬಂದಿತ್ತು. ಗುಜರಿಯಲ್ಲಾದರೆ 1,288. ನನ್ನ ಪ್ರಕಾರ ಸೂಪರ್ ಡೀಲ್. ಅಷ್ಟರಲ್ಲಿ ಪಕ್ಕದ ಕೊಪ್ಪದ ಹುಡುಗ ಬಂದ. ಅವನ ಹತ್ತಿರ ಸಬ್ಸಿಡಿಯ ಹೊಸ ಟಿಲ್ಲರ್ ಇದೆ, ಗಾಲಿ ಕೊಳ್ಳಲು ದುಡ್ಡು ಸಾಲದೆ ಬಿಟ್ಟಿದ್ದ. ಹಬ್ಬು ಅಳೆದು ನೋಡಿದೆವು, ಸರಿಯಾಗಿ ಕೂತಿತು. ನಾನು ಬಾಯಿ ತೆರೆಯುವ ಮುಂಚೆ ದೊಡ್ಡಪ್ಪ ಕೇಳಿದ, "ನಮ್ಮ 30 ಗುಂಟೆ ನೀ ಮಾಡ್ತ್ಯಾ?" ಮಾತುಕತೆ ಐದು ನಿಮಿಷದಲ್ಲಿ ಮುಗಿಯಿತು. ಗಾಲಿಗೂ ಹಲಗೆಗೂ ದುಡ್ಡಿಲ್ಲ. ಅವನು ಗದ್ದೆ ಮಾಡುವುದು, ಬಂದ ಭತ್ತದಲ್ಲಿ ಅರ್ಧ ನಮಗೆ. ಅವನು ಗದ್ದೆ ಬಿಟ್ಟ ವರ್ಷ ಗಾಲಿ ವಾಪಸ್.

ನಾನು ದೊಡ್ಡಮ್ಮನನ್ನು ಪಕ್ಕಕ್ಕೆ ಕರೆದು, ಕೈಗೆ ಬಂದ 3,500 ಹೋಯಿತಲ್ಲ ಅಂದೆ. ಅವಳು ನನ್ನನ್ನು ನೋಡಿದ ರೀತಿ ನನ್ನ ಮ್ಯಾನೇಜರ್ ಕೂಡ ಎಂದೂ ನೋಡಿಲ್ಲ. "3,500ಕ್ಕೆ ಎಷ್ಟು ಅಕ್ಕಿ ಬತ್ತದೆ ತಮಾ? ಕೆಜಿಗೆ 50 ಅಂದ್ರೂ 70 ಕೆಜಿ. ನಾಲ್ಕು ತಿಂಗಳಿಗೆ ಮುಗೀತು. ಗದ್ದೆ ಎದ್ದರೆ ವರ್ಷವಿಡೀ ಊಟ. ಮರುವರ್ಷವೂ ಊಟ." ಕ್ಯಾಲ್ಕುಲೇಟರ್ ಇಲ್ಲದೆ ಹೇಳಿದಳು. ನನ್ನ ಶೀಟಿನಲ್ಲಿ ಆ ಸಾಲಿನ ಮುಂದೆ ಏನು ತುಂಬಬೇಕು ಅಂತ ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ವಾಪಸ್ ಬಂದ ಮೇಲೆ ಆಫೀಸಿನ ಗೆಳೆಯ ಲೆಕ್ಕ ಹಾಕಿ ತೋರಿಸಿದ: ಗುಜರಿಗಿಂತ ಹೆಚ್ಚು ಸಿಕ್ಕಿದ್ದು 7,360, ನಿನ್ನ ಹತ್ತು ದಿನದ ಸಂಬಳ ಅದಕ್ಕಿಂತ ಜಾಸ್ತಿ, ನಷ್ಟ. ಲೆಕ್ಕ ತಪ್ಪಿಲ್ಲ. ಆದರೆ ಅವನ ಲೆಕ್ಕದಲ್ಲಿ 30 ಗುಂಟೆ ಇಲ್ಲ.

ನಿಮ್ಮ ಊರಿನ ಮನೆಯಲ್ಲೂ ಇಂಥ ಒಂದು ಕೊಟ್ಟಿಗೆಯೋ ಅಟ್ಟವೋ ಇರುತ್ತದೆ. ಗುಜರಿಯವನಿಗೆ ಫೋನು ಮಾಡುವ ಮೊದಲು ಇಷ್ಟು ಮಾಡಿ. ತೂಗಿ, ತಳದ ರೇಟು ಗೊತ್ತಾಗಲಿ. ತಟ್ಟಿ ನೋಡಿ. ಹಬ್ಬು, ತೂತು, ಪಿನ್ನಿನ ಅಳತೆ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಯಾವ ಯಂತ್ರದ್ದು ಅಂತ ಬಳಸಿದವರನ್ನೇ ಕೇಳಿ, ಅವರು ಇರುವಾಗಲೇ ಕೇಳಿ. ಆಮೇಲೆ ಮೂವತ್ತು ಕಿಲೋಮೀಟರ್ ಒಳಗೆ ಅದು ಯಾರಿಗೆ ಕೂರುತ್ತದೆ ಅಂತ ಹುಡುಕಿ.

ಜೂನ್ ಎರಡನೇ ವಾರ ಕೊಪ್ಪದ ಹುಡುಗ ಗದ್ದೆಗೆ ಇಳಿದ. ದೊಡ್ಡಪ್ಪ ಕೊಡೆ ಹಿಡಿದು ಬದುವಿನ ಮೇಲೆ ಖುರ್ಚಿ ಹಾಕಿಸಿಕೊಂಡು ಕೂತಿದ್ದನಂತೆ. ಹಲಗೆ ಎಳೆಯುವ ಕ್ರಮ ಸರಿ ಇಲ್ಲ ಅಂತ ಮಧ್ಯಾಹ್ನದ ತನಕ ಬೈದನಂತೆ. ಎರಡು ವರ್ಷದಲ್ಲಿ ಅವನ ದನಿ ಇಷ್ಟು ಜೋರಾಗಿ ಕೇಳಿರಲಿಲ್ಲ ಅಂತ ದೊಡ್ಡಮ್ಮ ಫೋನಿನಲ್ಲಿ ಹೇಳಿದಳು.