ಕಿವಿ ವಾಸಿ, ಭಯ ಬಾಕಿ

ಸೇಲಂನಲ್ಲಿ ಅತ್ತೆಯ ಬೀದಿ. ಮಗ್ಗದ ಸದ್ದು, ಮನೆಮನೆಯಲ್ಲೂ ದೇವಾಂಗರ ಕನ್ನಡ. ಬೀದಿನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಹಿಡಿದ ಜಾಗದಲ್ಲೇ ಬಿಡಬೇಕು ಅನ್ನುತ್ತದೆ 2023ರ ನಿಯಮ. ಈ ಬೀದಿಯ ನಾಯಿ ಕರಿಯನನ್ನೂ ಬಿಟ್ಟರು, ಕಿವಿಯಂಚು ಕತ್ತರಿಸಿ. ಧೈರ್ಯ ಮಾತ್ರ ಬಲೆಯಲ್ಲೇ ಉಳಿಯಿತು. ಹೊಸಬರ ಚಪ್ಪಲಿ ಸದ್ದಾದರೆ ಸಾಕು, ಜಗಲಿಯ ಕೆಳಗೆ.

ಬಿಸ್ಕತ್ತು ಹಿಡಿದು ಕೈ ಚಾಚಿದೆ. ಬಾಲ ಹೊಟ್ಟೆಯಡಿ ಸೇರಿತು.

"ದಿಟ್ಟಿಸಬೇಡ ಕಣೋ. ಪಕ್ಕಕ್ಕೆ ತಿರುಗಿ ಕೂತ್ಕೋ. ದೂರಕ್ಕೆ ಹಾಕು, ಸುಮ್ಮನಿರು" ಎಂದಳು ಅತ್ತೆ.

ಮೊದಲ ದಿನ ನಾನು ಒಳಗೆ ಹೋದಮೇಲೆ ತಿಂದ. ಮೂರನೇ ದಿನ ನಾನಿದ್ದಾಗಲೇ. ಐದನೇ ದಿನ ಮೊಣಕೈ ಮೂಸಿ, ಉಸಿರು ಬಿಟ್ಟು ಹೊರಟುಹೋದ.

ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೇನೇ ಹೆದರಿದ ಜೀವ ಹತ್ತಿರ ಬರುವುದು. ಊರಿಗೆ ಮರಳುವಾಗ ಬಸ್ಸು ತೊಪ್ಪೂರು ಘಾಟಿ ದಾಟಿ ಧರ್ಮಪುರಿ ಮುಟ್ಟಿದರೂ ಮೊಣಕೈ ಇನ್ನೂ ತಣ್ಣಗಿದ್ದಂತಿತ್ತು.