ಗಾಳಿಮರಕ್ಕೆ ಅದರದೇ ರೂಪ



'ಬೋನ್ಸಾಯ್' ಎಂಬ ಪದ ಕೇಳಿದಾಗ ನಿಮಗೆ ಏನು ನೆನಪಾಗುತ್ತದೆ? ಶ್ರೀಮಂತರ ಮನೆಯಲ್ಲಿ ಗಾಜಿನ ಮೇಜಿನ ಮೇಲಿಟ್ಟ ಪುಟ್ಟ ಮರ ಕೆಲವರಿಗೆ ನೆನಪಾಗಬಹುದು. ಇನ್ನು ಕೆಲವರಿಗೆ ಸಭೆ ಸಮಾರಂಭಗಳಲ್ಲಿ ಕೇಳಿದ ಮಾತು ನೆನಪಾಗಬಹುದು: "ಹೆಣ್ಣುಮಕ್ಕಳನ್ನು ಬೋನ್ಸಾಯ್ ಮಾಡಬೇಡಿ." ಬೆಳೆಯಬೇಕಾದವರನ್ನು ಬೆಳೆಯಗೊಡದೆ ಚಂದಕ್ಕಾಗಿ ಕುಂಡದಲ್ಲಿಡಬೇಡಿ ಎಂಬುದು ಅದರ ಅರ್ಥ. ಹಲವು ವರ್ಷಗಳಿಂದ ನಮ್ಮ ಮಾಳಿಗೆಯ ಮೇಲೆ ಒಂದು ಗಾಳಿಮರವನ್ನು ಬೋನ್ಸಾಯ್ ಆಗಿ ಬೆಳೆಸುತ್ತಿರುವ ನನಗೆ ಈ ಮಾತಿನ ಬಗ್ಗೆ ಹೇಳಲು ಸ್ವಲ್ಪ ಇದೆ. ಮೊದಲು ಮರದ ವಿಷಯ ಹೇಳುತ್ತೇನೆ.

ಈ ಕಲೆ ಹುಟ್ಟಿದ್ದು ಚೀನಾದಲ್ಲಿ, ಪಳಗಿದ್ದು ಜಪಾನಿನಲ್ಲಿ. ಜಪಾನೀ ಭಾಷೆಯಲ್ಲಿ 'ಬೋನ್' ಎಂದರೆ ತಟ್ಟೆಯಂತಹ ಪಾತ್ರೆ, 'ಸಾಯ್' ಎಂದರೆ ನೆಡುವುದು. ಬೋನ್ಸಾಯ್‌ಗೆಂದೇ ಬೇರೆ ಬೀಜವಿದೆ ಎಂದು ಅನೇಕರು ಭಾವಿಸಿದ್ದಾರೆ. ಹಾಗೇನೂ ಇಲ್ಲ. ಹೊಲದಲ್ಲಿ ನೆಟ್ಟರೆ ಐವತ್ತು ಅಡಿ ಬೆಳೆಯುವ ಗಿಡವೇ ಅದು. ಬೇರು ಮತ್ತು ಕೊಂಬೆಗಳನ್ನು ಕಾಲಕಾಲಕ್ಕೆ ಕತ್ತರಿಸುತ್ತಾ, ಆ ಮರದ ಮುಪ್ಪಿನ ಗಾಂಭೀರ್ಯವನ್ನು ಎರಡಡಿಯಲ್ಲಿ ತೋರಿಸುವುದೇ ಬೋನ್ಸಾಯ್. ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದವರು ಅಲ್ಲಿನ ಬೋನ್ಸಾಯ್ ತೋಟವನ್ನು ನೋಡಿರಬಹುದು.

ಗಾಳಿಮರವನ್ನು ಕೆಲವೆಡೆ ಸರ್ವೆ ಮರ ಎನ್ನುತ್ತಾರೆ. ಪುಸ್ತಕದ ಹೆಸರು ಕ್ಯಾಸುರಿನಾ. ಆಸ್ಟ್ರೇಲಿಯಾದ ಉತ್ತರ ಮತ್ತು ಪೂರ್ವ ಕರಾವಳಿ ಇದರ ತವರು. ಆಗ್ನೇಯ ಏಷ್ಯಾದ ಕಡಲತೀರಗಳಲ್ಲಿಯೂ ಸಹಜವಾಗಿ ಬೆಳೆಯುತ್ತದೆ. ಆ ಭಾಗದ ಕ್ಯಾಸೊವರಿ ಎಂಬ ದೊಡ್ಡ ಹಕ್ಕಿಯ ಗರಿಗಳಂತೆ ಇದರ ಎಳೆಗಳು ಜೋತುಬೀಳುವುದರಿಂದ ಈ ಹೆಸರು ಬಂತು.

ಆಸ್ಟ್ರೇಲಿಯಾದ ಮರಗಳು ಕನ್ನಡ ನಾಡಿಗೆ ಹೊಸ ಅತಿಥಿಗಳಲ್ಲ. ಹಝ್ರತ್ ಟಿಪ್ಪು ಸುಲ್ತಾನರು 1790ರ ಸುಮಾರಿಗೆ ನಂದಿಬೆಟ್ಟದ ತಮ್ಮ ತೋಟದಲ್ಲಿ ನೀಲಗಿರಿ ಮರಗಳನ್ನು ನೆಡಿಸಿದರೆಂದು ಅರಣ್ಯದ ಚರಿತ್ರೆ ಬರೆದವರು ಹೇಳುತ್ತಾರೆ. ಗಾಳಿಮರ 1860ರ ದಶಕದ ಕೊನೆಯಲ್ಲಿ ಕಾರವಾರದ ಕಡಲತೀರಕ್ಕೆ ಬಂತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ನೆರಳು ಕೊಡುವ ಸಿಲ್ವರ್ ಓಕ್, ಉದ್ಯಾನಗಳಲ್ಲಿ ಕೆಂಪು ಹೂ ಬಿಡುವ ಬಾಟಲ್ ಬ್ರಷ್ ಕೂಡಾ ಅಲ್ಲಿಯವೇ. ಅತಿಥಿಯನ್ನು ಎಲ್ಲೆಂದರಲ್ಲಿ ಕೂರಿಸಿದರೆ ತೊಂದರೆಯೂ ಆಗುತ್ತದೆ. ಅಂತರ್ಜಲ ಬತ್ತುತ್ತಿದೆ ಎಂಬ ಕಾರಣಕ್ಕೆ ಕರ್ನಾಟಕ ಸರಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕುಂಡದೊಳಗಿನ ಒಂದು ಗಾಳಿಮರದಿಂದ ಅಂತಹ ಭಯವಿಲ್ಲ.

ಅಲ್ಲಾಹನ ಕುದರತ್ತನ್ನು ಈ ಮರದಲ್ಲಿ ಹತ್ತಿರದಿಂದ ನೋಡಬೇಕು. ನಾವು ಎಲೆಯೆಂದು ತಿಳಿಯುವ ಹಸಿರು ಎಳೆ ನಿಜವಾಗಿ ಸಣ್ಣ ಕೊಂಬೆ. ಅದರಲ್ಲಿ ಗಂಟುಗಳಿವೆ. ಪ್ರತಿ ಗಂಟಿನ ಸುತ್ತ ಹಲ್ಲಿನಂತಹ ಏಳೆಂಟು ಚೂರುಗಳಿವೆ. ಅವೇ ನಿಜವಾದ ಎಲೆಗಳು! ಮಕ್ಕಳ ಕೈಗೆ ಒಂದು ಎಳೆ ಕೊಡಿ. ಗಂಟಿನಲ್ಲಿ ಬಿಡಿಸಿ, ಮತ್ತೆ ಜೋಡಿಸಿ ಆಡುತ್ತಾರೆ. ಎಲೆಗಳು ಇಷ್ಟು ಚಿಕ್ಕದಾಗಿರುವುದರಿಂದ ಬಿಸಿಲು, ಗಾಳಿಗೆ ಮರ ಬೇಗ ಒಣಗುವುದಿಲ್ಲ. ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಮರಕ್ಕೆ ಆಹಾರವಾಗಿ ಒದಗಿಸುತ್ತದೆ. ಆದ್ದರಿಂದಲೇ ಇದು ಬರಡು ಮರಳಿನಲ್ಲೂ ಬೆಳೆಯುತ್ತದೆ.

ಇನ್ನು ಬೆಳೆಸುವ ಬಗೆ. ಹೆಚ್ಚಿನವರು ಗಾಳಿಮರವನ್ನು ಜಪಾನಿನ ಪೈನ್ ಮರದಂತೆ ಮಾಡಲು ಹೊರಡುತ್ತಾರೆ. ಕೊಂಬೆಗಳನ್ನು ತಂತಿ ಬಿಗಿದು ಅಡ್ಡ ಮಲಗಿಸಿ, ಹಸಿರನ್ನು ಚಪ್ಪಟೆ ತಟ್ಟೆಗಳಂತೆ ಕತ್ತರಿಸಿ, ಒಟ್ಟಿನಲ್ಲಿ ತ್ರಿಕೋನ ಮಾಡುತ್ತಾರೆ. ಆಸ್ಟ್ರೇಲಿಯಾದ ಬೋನ್ಸಾಯ್ ಬೆಳೆಗಾರರಲ್ಲಿ ಅನೇಕರು ತಮ್ಮ ನಾಡಿನ ಮರಗಳಿಗೆ ಈ ಅಚ್ಚು ಹೊಂದುವುದಿಲ್ಲ ಎಂದು ಕಂಡುಕೊಂಡರು. ಬಯಲಿನಲ್ಲಿ ಆ ಮರ ಮುದಿಯಾದಾಗ ಹೇಗಿರುತ್ತದೆಯೋ ಹಾಗೆಯೇ ಕುಂಡದಲ್ಲೂ ಇರಲಿ ಎಂದರು. ಇದನ್ನೇ ಸಹಜ ಶೈಲಿ ಎನ್ನುತ್ತಾರೆ. ಕ್ಯಾನ್‌ಬೆರಾದಲ್ಲಿರುವ ಅವರ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹದಲ್ಲಿ ಆ ನೆಲದ ಮರಗಳಿಗೂ ಸ್ಥಾನವಿದೆ. ಕಾರವಾರದ ಸಮುದ್ರದಂಡೆಯ ಹಳೆಯ ಗಾಳಿಮರಗಳನ್ನು ಕಂಡವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಗಾಳಿಗೆ ಒಂದು ಕಡೆ ವಾಲಿದ ಕಾಂಡ, ಒರಟು ತೊಗಟೆ, ಮುರಿದ ಒಂದೆರಡು ಕೊಂಬೆಗಳು, ಜೋತುಬಿದ್ದ ಎಳೆಗಳು. ಅದರ ಸೌಂದರ್ಯ ಇರುವುದೇ ಅಲ್ಲಿ.

ಸಸಿ ಆರಿಸುವಾಗಲೇ ಈ ದೃಷ್ಟಿ ಬೇಕು. ರೈತರಿಗೆ ಕಂಬಕ್ಕೆ, ಕಾಗದದ ಕಾರ್ಖಾನೆಗೆ ನೆಟ್ಟನೆಯ ಮರ ಬೇಕು. ಹೀಗಾಗಿ ನರ್ಸರಿಯಲ್ಲಿ ಸೊಟ್ಟ ಸಸಿಗಳು ಮೂಲೆ ಸೇರುತ್ತವೆ. ನಮಗೆ ಬೇಕಾದದ್ದು ಅದೇ! ಬುಡದಲ್ಲಿಯೇ ಸಹಜವಾಗಿ ಬಾಗಿರುವ, ಕೆಳಗಿನಿಂದಲೇ ಕೊಂಬೆಗಳಿರುವ ಒಂದನ್ನು ತನ್ನಿ.

ಮೊದಲ ಎರಡು ಮೂರು ವರ್ಷ ಅದನ್ನು ದೊಡ್ಡ ಕುಂಡದಲ್ಲೋ, ತೂತು ಮಾಡಿದ ಹಳೆಯ ಬಕೆಟ್‌ನಲ್ಲೋ ನೆಟ್ಟು ಬೆಳೆಯಲು ಬಿಡಿ. ಅವಸರದಿಂದ ಚಿಕ್ಕ ತಟ್ಟೆಗೆ ಹಾಕಿದರೆ ಕಾಂಡ ಕಡ್ಡಿಯಾಗಿಯೇ ಉಳಿಯುತ್ತದೆ. ಕಾಂಡ ದಪ್ಪವಾದ ಮೇಲೆ ಮೃಗಶಿರಾ ಮಳೆಯ ಹೊತ್ತಿಗೆ ಎತ್ತರ ತಗ್ಗಿಸಿ. ಕತ್ತರಿಸಿದ ಜಾಗದ ಕೆಳಗೆ ಹಸಿರು ಉಳಿದಿರಲಿ. ಅಲ್ಲಿಂದ ಹೊಸ ಚಿಗುರುಗಳು ಬರುತ್ತವೆ. ಅವುಗಳಲ್ಲಿ ಯಾವುದನ್ನು ಉಳಿಸಬೇಕೆಂದು ತೀರ್ಮಾನಿಸುವ ಮುನ್ನ ಒಂದು ಋತು ಸುಮ್ಮನೆ ನೋಡಿ. ಇದು ಬಹಳ ಮುಖ್ಯ. ಕತ್ತರಿಸಿದ ಕೊಂಬೆಯನ್ನು ಮತ್ತೆ ಅಂಟಿಸಲಾಗದು.

ಮಣ್ಣಿಗೆ ನಮ್ಮ ಕಡೆಯ ಎರೆಮಣ್ಣು ಬೇಡ. ಅದು ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ. ಜರಡಿ ಹಿಡಿದ ಇಟ್ಟಂಗಿ ಚೂರು ಮತ್ತು ದಪ್ಪ ಉಸುಕು ಅರ್ಧ, ಉಳಿದರ್ಧ ಕೆಮ್ಮಣ್ಣು ಮತ್ತು ಕಳಿತ ಸಗಣಿ ಗೊಬ್ಬರ ಸಾಕು. ಎರಡು ವರ್ಷಕ್ಕೊಮ್ಮೆ ಮಳೆಗಾಲದ ಆರಂಭದಲ್ಲಿ ಕುಂಡದಿಂದ ತೆಗೆದು ಮೂರನೇ ಒಂದು ಪಾಲು ಬೇರು ಕತ್ತರಿಸಿ. ಆದರೆ ಬೇರನ್ನು ತೊಳೆದು ಬರಿದು ಮಾಡಬೇಡಿ. ಆ ಸೂಕ್ಷ್ಮಜೀವಿಗಳಿರುವ ಹಳೆಯ ಮಣ್ಣು ಸ್ವಲ್ಪ ಜೊತೆಯಲ್ಲೇ ಹೋಗಲಿ.

ತಂತಿ ಕಟ್ಟುವುದಾದರೆ ಮೃದುವಾದ ಅಲ್ಯೂಮಿನಿಯಂ ತಂತಿ ಸಡಿಲವಾಗಿ ಸುತ್ತಿ. ಈ ಮರ ಬೇಗ ದಪ್ಪಗಾಗುವುದರಿಂದ ತಂತಿ ತೊಗಟೆಯೊಳಗೆ ಇಳಿದುಬಿಡುತ್ತದೆ. ವಾರಕ್ಕೊಮ್ಮೆ ನೋಡುತ್ತಿದ್ದು ಇಳಿಯುವ ಮೊದಲೇ ಬಿಚ್ಚಿ. ನಾನು ಹೆಚ್ಚಾಗಿ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕುಂಡದ ಅಂಚಿಗೆ ಬಿಗಿಯುತ್ತೇನೆ. ಕೊಂಬೆ ನಿಧಾನವಾಗಿ ತಾನೇ ಇಳಿಯುತ್ತದೆ. ಆಷಾಢದ ಗಾಳಿ ನಮ್ಮ ಹಿಟ್ನಾಳದ ಮಾಳಿಗೆಯ ಮೇಲೆ ಯಾವ ಕಡೆಯಿಂದ ಬೀಸುತ್ತದೆಯೋ, ಅದಕ್ಕೆ ಎದುರಾದ ಕೊಂಬೆಗಳನ್ನು ಗಿಡ್ಡ ಮಾಡಿ, ಗಾಳಿ ಹೋಗುವ ಕಡೆಯವನ್ನು ಉದ್ದ ಬಿಟ್ಟಿದ್ದೇನೆ. ಒಣಗಿದ ಒಂದು ಕೊಂಬೆಯನ್ನೂ ಹಾಗೇ ಇಟ್ಟಿದ್ದೇನೆ. ಮುದಿ ಮರದಲ್ಲಿ ಒಣ ಕೊಂಬೆ ಇರದಿರುತ್ತದೆಯೇ?

ನೀರಿನ ವಿಷಯದಲ್ಲಿ ಎಚ್ಚರ ಬೇಕು. ನೆಲದಲ್ಲಿ ಬರ ತಡೆಯುವ ಮರವೇ ಆದರೂ ಕುಂಡದಲ್ಲಿ ಒಣಗಿದರೆ ಉಳಿಯದು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೆಳಗ್ಗೆ, ಸಂಜೆ ಎರಡು ಹೊತ್ತೂ ನೀರು ಹಾಕಬೇಕು. ತುಂಗಭದ್ರಾ ಅಣೆಕಟ್ಟೆ ನಮ್ಮ ಪಕ್ಕದಲ್ಲೇ ಇದ್ದರೂ ಬೇಸಿಗೆಯಲ್ಲಿ ನೀರಿನ ಬೆಲೆ ನಮಗೆ ಗೊತ್ತು. ಹರಿಯುವ ನದಿಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದೆಂಬ ಪಾಠ ಕಲಿತವರು ನಾವು. ವುಝೂ ಮಾಡಿದ ನೀರು, ಅಕ್ಕಿ ತೊಳೆದ ನೀರು ನನ್ನ ಗಿಡಕ್ಕೆ ಸಾಕಾಗುತ್ತದೆ. ಬಿಸಿಲಿನಲ್ಲೇ ಇಡಿ. ಇದು ಮನೆಯೊಳಗಿನ ಶೋಕೇಸಿನ ಗಿಡವಲ್ಲ.

ಒಮ್ಮೆ ನೆರೆಯ ಸಹೋದರಿಯೊಬ್ಬರು ಕತ್ತರಿ ಹಿಡಿದು ಕೂತ ನನ್ನನ್ನು ನೋಡಿ ಕೇಳಿದರು: "ಆಪಾ, ಅಲ್ಲಾಹ್ ದೊಡ್ಡದಾಗು ಅಂತ ಹುಟ್ಟಿಸಿದ ಗಿಡಕ್ಕ ಹಿಂಗ್ಯಾಕ ಹಿಂಸೆ ಕೊಡ್ತೀರಿ? ಇದು ಗುನಾಹ್ ಅಲ್ಲೇನ್ರಿ?" ಒಳ್ಳೆಯ ಪ್ರಶ್ನೆ. ನಾನು ಫತ್ವಾ ಕೊಡುವವಳಲ್ಲ. ಆದರೆ ದ್ರಾಕ್ಷಿ ಬಳ್ಳಿ ಸವರುವುದು, ಮಲ್ಲಿಗೆ ಕತ್ತರಿಸುವುದು, ಖರ್ಜೂರದ ಮರಗಳಿಗೆ ಪರಾಗ ಕಟ್ಟುವುದು ಮನುಷ್ಯ ಮೊದಲಿನಿಂದಲೂ ಮಾಡಿಕೊಂಡು ಬಂದ ಕೆಲಸಗಳು. ಮದೀನಾದ ರೈತರ ಖರ್ಜೂರದ ವಿಷಯದಲ್ಲಿ ಪ್ರವಾದಿವರ್ಯರು(ಸ) ಅಂತಹ ಲೌಕಿಕ ಕಸುಬನ್ನು ಅದನ್ನು ಬಲ್ಲವರ ಅರಿವಿಗೇ ಬಿಟ್ಟರು. ಸರಿಯಾಗಿ ಸಾಕಿದ ಬೋನ್ಸಾಯ್ ಹಸಿದಿರುವುದಿಲ್ಲ. ಅದಕ್ಕೆ ಹೊಲದ ಗಿಡಕ್ಕಿಂತ ಹೆಚ್ಚು ಆರೈಕೆ ಸಿಗುತ್ತದೆ. ನೀರು ಹಾಕದೆ ಒಣಗಿಸುವುದು, ತಂತಿ ಬಿಚ್ಚಲು ಮರೆಯುವುದು, ಬಿಸಿಲಿನ ಮರವನ್ನು ಕತ್ತಲೆಯ ಮೂಲೆಯಲ್ಲಿಡುವುದು, ಇವುಗಳಿಗೆ ಮಾತ್ರ ನಾವು ಉತ್ತರ ಕೊಡಬೇಕಾದೀತು ಎಂದೆ.

ಈಗ ಹೆಣ್ಣುಮಕ್ಕಳ ಮಾತಿಗೆ ಬರೋಣ. ಮದ್ರಸದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳಿದ್ದಳು. ಲೆಕ್ಕದಲ್ಲಿ ಬಹಳ ಚುರುಕು, ಕಂಠಪಾಠದಲ್ಲಿ ನಿಧಾನ. ಅವಳ ತಾಯಿಗೆ ಒಂದೇ ಚಿಂತೆ: "ನಮ್ಮ ತಂಗಿ ಮಗಳು ಹತ್ತು ಪಾರಾ ಬಾಯಿಪಾಠ ಮಾಡ್ಯಾಳ, ಇಕಿ ಇನ್ನೂ ಅಮ್ಮ ಪಾರಾದಾಗ ಅದಾಳ." ಎಸ್ಸೆಸ್ಸೆಲ್ಸಿ ಮುಗಿದಾಗ ಓದು ಬಿಡಿಸುವ ಮಾತೂ ಮನೆಯಲ್ಲಿ ಬಂತು. ತಾಯಿ ನನ್ನ ಬಳಿ ಸಲಹೆ ಕೇಳಲು ಬಂದರು. "ಒಂದು ವರ್ಷ ನೋಡ್ರಿ. ಈಗ ಕತ್ತರಿಸಿದರ ಮತ್ತ ಅಂಟಿಸಾಕ ಬರೂದಿಲ್ಲ" ಎಂದೆ. ಅವರು ನೋಡಿದರು. ಆ ಹುಡುಗಿ ಈಗ ಕೊಪ್ಪಳದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಅಮ್ಮ ಪಾರಾವನ್ನೂ ತನ್ನ ನಿಧಾನದಲ್ಲಿಯೇ ಮುಗಿಸಿದಳು.

ತರಬಿಯತ್ ಎಂದರೆ ಕತ್ತರಿಯೇ ಇಲ್ಲದ ಕೆಲಸ ಎಂದು ನಾನು ಹೇಳಲಾರೆ. ಮಕ್ಕಳ ಹಟ, ಸುಳ್ಳು, ಸೋಮಾರಿತನವನ್ನು ಸವರಲೇಬೇಕು. ಆದರೆ ಅಲ್ಲಾಹನು ಒಬ್ಬೊಬ್ಬರಲ್ಲಿ ಒಂದೊಂದು ಫಿತ್ರತ್, ಒಂದೊಂದು ಸಾಮರ್ಥ್ಯ ಇಟ್ಟಿದ್ದಾನೆ. ತಂಗಿಯ ಮಗಳ ಅಚ್ಚನ್ನು ನಮ್ಮ ಮಗಳಿಗೆ ಕೂರಿಸುವುದು ಗಾಳಿಮರವನ್ನು ಪೈನ್ ಮಾಡಲು ಹೊರಟಂತೆ. ಇನ್ನೂ ಒಂದು ವ್ಯತ್ಯಾಸವಿದೆ. ಮರವನ್ನು ಕುಂಡದಲ್ಲಿಡಲು ನಮಗೆ ಅನುಮತಿ ಇದ್ದೀತು. ಮಗಳಿಗೆ ಮಾತ್ರ ನೆಲವೇ ಬೇಕು.

ಸಹೋದರಿಯರೇ, ನಿಮಗೂ ಈ ಕಲೆಯಲ್ಲಿ ಆಸಕ್ತಿ ಮೂಡಿದರೆ ಬರುವ ಮಳೆಗಾಲದಲ್ಲಿ ಒಂದು ಸೊಟ್ಟ ಸಸಿ ತನ್ನಿ. ಅದರ ಜೊತೆಗೇ ಒಂದು ಬೇವಿನ ಸಸಿಯನ್ನೋ ನೇರಳೆಯನ್ನೋ ತಂದು ಮನೆಯ ಮುಂದೆ ನೆಲದಲ್ಲಿ ನೆಡಿ. ಬೋನ್ಸಾಯ್ ನಮ್ಮ ಕಣ್ಣಿಗೆ ತಂಪು ಕೊಡುತ್ತದೆ, ಸಹನೆ ಕಲಿಸುತ್ತದೆ. ಆದರೆ ಅದರ ಕೆಳಗೆ ದಾರಿಹೋಕ ಕೂರಲಾರ, ಅದರ ಹಣ್ಣನ್ನು ಹಕ್ಕಿ ತಿನ್ನಲಾರದು. ನೆಟ್ಟ ಮರದಿಂದ ಮನುಷ್ಯ, ಪ್ರಾಣಿ, ಪಕ್ಷಿ ತಿಂದದ್ದೆಲ್ಲ ನೆಟ್ಟವರ ಪಾಲಿಗೆ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಪುಣ್ಯ ನೆಲದ ಮರದಿಂದಲೇ ಸಿಗಬೇಕು.